ಕಾಣದ್ದನ್ನು ಅಳೆದವರು: ಹೇರೊವ್‌ಸ್ಕಿಯ ಪಾದರಸದ ಹನಿಯಿಂದ ಇಂಗಾಲದ ನ್ಯಾನೋನಳಿಕೆಯವರೆಗೆ

ಚರಿತ್ರೆ ಎಂದೊಡನೆ ನಮ್ಮ ಮನಸ್ಸು ಅರಸರ ವಂಶಾವಳಿಯ ಕಡೆಗೆ, ಕೋಟೆಕೊತ್ತಲಗಳ ಕಡೆಗೆ, ಶಿಲಾಶಾಸನಗಳ ಕಡೆಗೆ ಹರಿಯುವುದು ಸಹಜ. ಅನಂತಪುರ ಸೀಮೆಯ ಕನ್ನಡಿಗರಾದ ನಮಗೆ ಹೇಮಾವತಿಯ ನೊಳಂಬರೂ ಪೆನುಗೊಂಡೆಯ ವಿಜಯನಗರದ ಅರಸರೂ ರಾಯದುರ್ಗದ ಪಾಳೆಯಗಾರರೂ ಮನೆಯ ಹಿರಿಯರಷ್ಟೇ ಪರಿಚಿತರು. ಅವರನ್ನು ಕುರಿತು ಇಂತಹ ಸ್ಮರಣ ಸಂಚಿಕೆಗಳಲ್ಲಿ ವಿದ್ವಾಂಸರು ಬಹಳ ಬರೆದಿದ್ದಾರೆ, ಮುಂದೆಯೂ ಬರೆಯುವರು. ಆದರೆ ಉಪಕರಣಗಳಿಗೂ ಒಂದು ಚರಿತ್ರೆಯುಂಟು. ನೇಗಿಲಿಗೆ ಇರುವಂತೆ, ಏತಕ್ಕೆ ಇರುವಂತೆ, ನೀರಿನೊಳಗಿನ ಕಾಣದ ವಸ್ತುವನ್ನು ಅಳೆಯುವ ಸೂಕ್ಷ್ಮ ಕಡ್ಡಿಯೊಂದಕ್ಕೂ ಚರಿತ್ರೆಯಿದೆ. ಆ ಚರಿತ್ರೆಯಲ್ಲಿ ಪ್ರಾಗ್ ನಗರವಿದೆ, ಮುಂಬಯಿಯಿದೆ, ನಮ್ಮ ಶಂಕರಘಟ್ಟ, ಧಾರವಾಡ, ಮಡಿಕೇರಿಗಳಿವೆ. ಅದು ಕೊನೆಗೆ ಬಂದು ನಿಲ್ಲಬೇಕಾದ ಸ್ಥಳ ನಮ್ಮಂತಹ ಊರಿನ ಕೊಳವೆಬಾವಿಯ ಕಟ್ಟೆ. ಅದು ಅಲ್ಲಿಗೆ ತಲುಪಿದೆಯೇ ಎಂಬುದೇ ಈ ಲೇಖನದ ಪ್ರಶ್ನೆ.

ಸಮುದ್ರವೆಂಬ ಹೆಸರಿನ ಊರು

ಕೆರೆಯನ್ನು ಸಮುದ್ರವೆಂದು ಕರೆಯುವುದು ನಮ್ಮ ನಾಡಿನ ಹಳೆಯ ವಾಡಿಕೆ. ಅನಂತಪುರದ ಮಗ್ಗುಲಲ್ಲಿ ಬುಕ್ಕರಾಯಸಮುದ್ರವಿದೆ. ಕಲ್ಯಾಣದುರ್ಗದ ಸೀಮೆಯಲ್ಲಿ ಬ್ರಹ್ಮಸಮುದ್ರವಿದೆ. ಮಳೆ ಕಡಿಮೆಯಾದ ನೆಲದಲ್ಲಿ ನೀರಿನ ಮೇಲಣ ಆಸೆ ಹೆಸರುಗಳಲ್ಲಿ ಉಕ್ಕಿ ಹರಿಯುತ್ತದೆ. ವರ್ಷಕ್ಕೆ ಸರಾಸರಿ ೫೫೦ ಮಿಲಿಮೀಟರಿನ ಆಸುಪಾಸು ಮಳೆ ಕಾಣುವ ಜಿಲ್ಲೆ ಇದು. ಚಿಕ್ಕಮಗಳೂರಿನ ಬೆಟ್ಟಗಳಲ್ಲಿ ಹುಟ್ಟಿದ ವೇದಾವತಿ, ಹಿರಿಯೂರಿನ ಬಳಿ ಮಾರಿಕಣಿವೆಯ ಅಣೆಕಟ್ಟನ್ನು ದಾಟಿ, ಚಳ್ಳಕೆರೆಯ ಸೀಮೆಯನ್ನು ಹಾದು, ಬ್ರಹ್ಮಸಮುದ್ರ ಮಂಡಲದ ಭೈರವಾನಿತಿಪ್ಪೆಯ ಜಲಾಶಯಕ್ಕೆ ಬರುತ್ತದೆ. ಮುಂದೆ ಹಗರಿಯೆಂಬ ಹೆಸರಿನಲ್ಲಿ ಬಳ್ಳಾರಿಯ ಕಡೆಗೆ ಹರಿದು ತುಂಗಭದ್ರೆಯನ್ನು ಸೇರುತ್ತದೆ. ಕನ್ನಡನಾಡಿನಿಂದ ಹೊರಟು ಆಂಧ್ರವನ್ನು ಹೊಕ್ಕು ಮತ್ತೆ ಕನ್ನಡನಾಡಿಗೆ ಹೋಗುವ ಈ ನದಿಗೆ ೧೯೫೩ರ ಅಕ್ಟೋಬರ್ ೧ರಂದು ಎಳೆದ ಗಡಿರೇಖೆಯ ಪರಿವೆಯಿಲ್ಲ. ನೀರಿನೊಡನೆ ಬರುವ ಗುಣದೋಷಗಳಿಗೂ ಇಲ್ಲ.

ನದಿಯಲ್ಲಿ ನೀರಿಲ್ಲದ ವರ್ಷಗಳೇ ಹೆಚ್ಚಾದಾಗ ಜನ ನೆಲವನ್ನು ಕೊರೆದರು. ಮೊದಲು ತೆರೆದ ಬಾವಿ, ಆಮೇಲೆ ಕೊಳವೆಬಾವಿ, ಆಮೇಲೆ ಇನ್ನೂ ಆಳದ ಕೊಳವೆಬಾವಿ. ನಮ್ಮ ನೆಲದಡಿಯಲ್ಲಿರುವುದು ಅತ್ಯಂತ ಪ್ರಾಚೀನವಾದ ಗ್ರಾನೈಟ್ ಮತ್ತು ನೈಸ್ ಶಿಲೆಗಳು. ಆ ಶಿಲೆಗಳಲ್ಲಿ ಫ್ಲೋರಿನ್ ಇರುವ ಖನಿಜಗಳಿವೆ. ನೀರು ಬಂಡೆಯ ಬಿರುಕುಗಳಲ್ಲಿ ದೀರ್ಘಕಾಲ ನಿಂತಾಗ, ಅದರಲ್ಲಿ ಸುಣ್ಣದ ಅಂಶ ಕಡಿಮೆಯಿದ್ದು ಕ್ಷಾರಗುಣ ಹೆಚ್ಚಿದ್ದಾಗ, ಫ್ಲೋರೈಡ್ ಕರಗಿ ನೀರನ್ನು ಸೇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ನಾಲಗೆಗೆ ತಿಳಿಯುವ ರುಚಿಯೂ ಇಲ್ಲ. ತಿಳಿಯಾದ, ತಂಪಾದ, ಕುಡಿಯಲು ಹಿತವಾದ ನೀರೇ ಹಲ್ಲಿನ ಮೇಲೆ ಕಂದು ಗೆರೆಗಳನ್ನು ಎಳೆಯುತ್ತದೆ. ಪ್ರಮಾಣ ಹೆಚ್ಚಿದ್ದು ವರ್ಷಗಟ್ಟಲೆ ಕುಡಿದರೆ ಬೆನ್ನೆಲುಬನ್ನೂ ಕೀಲುಗಳನ್ನೂ ಬಿಗಿಯುತ್ತದೆ. ೧೯೩೭ರಲ್ಲಿ ಶಾರ್ಟ್ ಮತ್ತು ಅವರ ಸಂಗಡಿಗರು ಮದರಾಸು ಪ್ರಾಂತ್ಯದ ನೆಲ್ಲೂರು ಸೀಮೆಯಲ್ಲಿ ಈ ರೋಗವನ್ನು ಗುರುತಿಸಿ ಭಾರತೀಯ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಆಗ ಅನಂತಪುರವೂ ಅದೇ ಪ್ರಾಂತ್ಯದ ಜಿಲ್ಲೆ.

ಶಾಲೆಯ ಮಕ್ಕಳ ನಗುವಿನಲ್ಲಿ ಆ ಕಂದು ಗೆರೆಗಳನ್ನು ನಾನು ಬಹಳ ವರ್ಷ ನೋಡಿದ್ದೇನೆ. ಹಲ್ಲುಜ್ಜದ ಸೋಮಾರಿತನವೆಂದು ಬೈಸಿಕೊಂಡ ಮಕ್ಕಳೂ ಇದ್ದರು, ತಪ್ಪು ಅವರದಾಗಿರಲಿಲ್ಲ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನ ಒಂದು ಲೀಟರಿನಲ್ಲಿ ಫ್ಲೋರೈಡ್ ೧ ಮಿಲಿಗ್ರಾಂ ಮೀರಬಾರದು. ಬೇರೆ ನೀರೇ ಇಲ್ಲದಿದ್ದರೆ ೧.೫ ಮಿಲಿಗ್ರಾಂವರೆಗೆ ಸಹಿಸಬಹುದು. ಹತ್ತು ಲಕ್ಷ ಭಾಗದಲ್ಲಿ ಒಂದು ಭಾಗ! ಇಷ್ಟು ಸೂಕ್ಷ್ಮವಾದುದನ್ನು ಕಣ್ಣು, ಮೂಗು, ನಾಲಗೆ ತಿಳಿಸಲಾರವು. ಇಂದ್ರಿಯಗಳು ಸೋತ ಈ ಜಾಗದಲ್ಲಿಯೇ ನಮ್ಮ ಚರಿತ್ರೆ ಆರಂಭವಾಗುತ್ತದೆ.

ವಿದ್ಯುತ್ತಿನ ಬಾಗಿಲು

ಬೇರೆ ಬೇರೆ ಲೋಹಗಳ ಬಿಲ್ಲೆಗಳ ನಡುವೆ ಉಪ್ಪುನೀರಿನಲ್ಲಿ ನೆನೆಸಿದ ಬಟ್ಟೆಯನ್ನಿಟ್ಟು ೧೮೦೦ರಲ್ಲಿ ಇಟಲಿಯ ವೋಲ್ಟಾ ಮೊದಲ ವಿದ್ಯುತ್ಕೋಶವನ್ನು ಪ್ರಕಟಪಡಿಸಿದನು. ಮೂವತ್ತನಾಲ್ಕು ವರ್ಷಗಳ ತರುವಾಯ ಲಂಡನ್ನಿನ ಮೈಕೇಲ್ ಫ್ಯಾರಡೆ, ದ್ರಾವಣಕ್ಕೆ ವಿದ್ಯುತ್ತು ಪ್ರವೇಶಿಸುವ ತುದಿಗೆ ಎಲೆಕ್ಟ್ರೋಡ್ ಎಂಬ ಹೆಸರನ್ನು ಗ್ರೀಕ್ ಪದಗಳಿಂದ ಕಟ್ಟಿದನು. ವಿದ್ಯುತ್ತಿನ ಹಾದಿ ಎಂದು ಅದರ ಅರ್ಥ. ನಮ್ಮ ಕನ್ನಡದಲ್ಲಿ ಅದು ವಿದ್ಯುದ್ವಾರವಾಯಿತು. ಹಾದಿ ಎಂಬುದಕ್ಕಿಂತ ಬಾಗಿಲು ಎಂಬುದೇ ಹೆಚ್ಚು ಸಮರ್ಪಕವೆಂದು ನನಗೆ ತೋರುತ್ತದೆ. ಒಂದು ಕಡೆ ತಂತಿಯಲ್ಲಿ ಓಡುವ ಎಲೆಕ್ಟ್ರಾನುಗಳು, ಇನ್ನೊಂದು ಕಡೆ ನೀರಿನಲ್ಲಿ ಅಲೆಯುವ ಅಯಾನುಗಳು. ಎರಡರ ನಡುವೆ ಕೊಡುಕೊಳ್ಳುವಿಕೆ ನಡೆಯುವುದು ಈ ಹೊಸ್ತಿಲಿನ ಮೇಲೆ.

ಪ್ರೌಢಶಾಲೆಯಲ್ಲಿ ಓದಿದ ಯಾರಿಗೂ ಇದರ ಮೊದಲ ಪಾಠ ನೆನಪಿರಬಹುದು. ಸೀಸದಕಡ್ಡಿ ಎರಡನ್ನು ಎರಡೂ ತುದಿ ಚೂಪು ಮಾಡಿ, ಟಾರ್ಚಿನ ಕೋಶಗಳಿಗೆ ಜೋಡಿಸಿ, ಉಪ್ಪು ಬೆರೆಸಿದ ನೀರಿನಲ್ಲಿ ಅದ್ದಿದರೆ ಕಡ್ಡಿಗಳ ತುದಿಯಲ್ಲಿ ಗುಳ್ಳೆಗಳು ಏಳುತ್ತವೆ. ಕಾಸಿನ ಖರ್ಚಿಲ್ಲದ ಪ್ರಯೋಗ. ಆ ಕಡ್ಡಿಯೊಳಗಿರುವುದು ಹೆಸರಿನಲ್ಲಿರುವ ಸೀಸವಲ್ಲ, ಗ್ರಾಫೈಟ್, ಎಂದರೆ ಇಂಗಾಲ. ಇಡೀ ಕಥೆಯ ನಾಯಕ ಈ ಇಂಗಾಲವೇ ಎಂಬುದನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ವಿದ್ಯುದ್ವಾರವನ್ನು ಅಳತೆಗೋಲಾಗಿ ಬಳಸಬಹುದೆಂಬ ಅರಿವು ಮೆಲ್ಲಗೆ ಬಂತು. ೧೯೦೬ರಲ್ಲಿ ಕ್ರೆಮರ್ ಎಂಬ ವಿದ್ವಾಂಸನು ತೆಳುವಾದ ಗಾಜಿನ ಪೊರೆಯ ಎರಡೂ ಬದಿಯ ದ್ರಾವಣಗಳ ಆಮ್ಲತೆ ಬೇರೆಯಾದಾಗ ಅಲ್ಲಿ ವಿದ್ಯುತ್ ಒತ್ತಡ ಹುಟ್ಟುವುದನ್ನು ಕಂಡನು. ೧೯೩೪ರಲ್ಲಿ ಕ್ಯಾಲಿಫೋರ್ನಿಯದ ಆರ್ನಲ್ಡ್ ಬೆಕ್‌ಮನ್, ನಿಂಬೆರಸದ ಹುಳಿಯನ್ನು ಅಳೆಯಲು ಪರದಾಡುತ್ತಿದ್ದ ಗೆಳೆಯನೊಬ್ಬನಿಗಾಗಿ ಗಾಜಿನ ವಿದ್ಯುದ್ವಾರಕ್ಕೆ ವರ್ಧಕವನ್ನು ಜೋಡಿಸಿ ಪಿಎಚ್ ಮಾಪಕವನ್ನು ನಿರ್ಮಿಸಿದನು. ಇಂದು ಮಣ್ಣಿನ ಪರೀಕ್ಷೆಗೆ ರೈತರು ಕೊಂಡೊಯ್ಯುವ ಮಣ್ಣನ್ನು ಪ್ರಯೋಗಾಲಯದಲ್ಲಿ ಅಳೆಯುವುದು ಆ ನಿಂಬೆಹಣ್ಣಿನ ಉಪಕರಣದ ವಂಶಜದಿಂದಲೇ.

ಪ್ರಾಗಿನ ಪಾದರಸದ ಹನಿ

ಎರಡನೆಯ ಹಾದಿಯನ್ನು ತೆರೆದವನು ಪ್ರಾಗಿನ ಯಾರೊಸ್ಲಾವ್ ಹೇರೊವ್‌ಸ್ಕಿ. ೧೯೨೨ರ ಫೆಬ್ರವರಿ ೧೦ರಂದು ಆತ ಕೂದಲಿನಷ್ಟು ಸಣ್ಣ ರಂಧ್ರದ ಗಾಜಿನ ಕೊಳವೆಯಿಂದ ಪಾದರಸವನ್ನು ಹನಿಹನಿಯಾಗಿ ದ್ರಾವಣಕ್ಕೆ ಬೀಳಿಸುತ್ತ, ವಿದ್ಯುತ್ ಒತ್ತಡವನ್ನು ಸ್ವಲ್ಪ ಸ್ವಲ್ಪವಾಗಿ ಬದಲಿಸುತ್ತ, ಹರಿಯುವ ಪ್ರವಾಹವನ್ನು ಬರೆದಿಟ್ಟನು. ಒಂದೊಂದು ಬಗೆಯ ಅಯಾನೂ ತನ್ನದೇ ಆದ ಒಂದು ಒತ್ತಡದಲ್ಲಿ ಎಲೆಕ್ಟ್ರಾನನ್ನು ಸ್ವೀಕರಿಸಿತು. ಪ್ರವಾಹ ಅಲ್ಲಿ ಮೆಟ್ಟಿಲಿನಂತೆ ಏರಿತು. ಮೆಟ್ಟಿಲು ಎಲ್ಲಿದೆ ಎಂಬುದು ವಸ್ತು ಯಾವುದೆಂದು ಹೇಳುತ್ತಿತ್ತು, ಎಷ್ಟು ಎತ್ತರವಿದೆ ಎಂಬುದು ಅದು ಎಷ್ಟಿದೆಯೆಂದು ಹೇಳುತ್ತಿತ್ತು. ಸಂತೆಯಲ್ಲಿ ಒಬ್ಬೊಬ್ಬ ವ್ಯಾಪಾರಿ ಒಂದೊಂದು ಬೆಲೆಗೆ ಮಾತ್ರ ಸರಕನ್ನು ಬಿಡುವಂತೆ! ಬೆಲೆಯನ್ನು ಏರಿಸುತ್ತ ಹೋದರೆ ಯಾರು ಯಾರು ಬಂದಿದ್ದಾರೆ, ಎಷ್ಟು ಸರಕು ತಂದಿದ್ದಾರೆ ಎರಡೂ ತಿಳಿಯುತ್ತವೆ. ಜಪಾನಿನ ಶಿಕಾಟಾನೊಡನೆ ಸೇರಿ ಆತ ಇದನ್ನು ತಾನೇ ಬರೆದುಕೊಳ್ಳುವ ಯಂತ್ರವಾಗಿಸಿದನು. ೧೯೫೯ರಲ್ಲಿ ಹೇರೊವ್‌ಸ್ಕಿಗೆ ನೊಬೆಲ್ ಪಾರಿತೋಷಕ ದೊರೆಯಿತು.

ಪಾದರಸದ ಹಿರಿಮೆಯೆಂದರೆ ಪ್ರತಿ ಹನಿಯೂ ಹೊಸ ಮುಖ. ಹಳೆಯ ಕೊಳೆ ಉಳಿಯುವುದಿಲ್ಲ. ಅದರ ಕೊರತೆಗಳೂ ಅಷ್ಟೇ ದೊಡ್ಡವು. ಅದು ವಿಷ. ಅಲ್ಲದೆ ಧನ ಒತ್ತಡದ ಕಡೆಗೆ ಹೋದರೆ ಪಾದರಸವೇ ಉತ್ಕರ್ಷಣಗೊಂಡು ಕರಗತೊಡಗುತ್ತದೆ. ಹೀಗಾಗಿ ಎಲೆಕ್ಟ್ರಾನನ್ನು ಪಡೆಯುವ ವಸ್ತುಗಳನ್ನು ಅದು ಚೆನ್ನಾಗಿ ಅಳೆಯಿತು. ಎಲೆಕ್ಟ್ರಾನನ್ನು ಬಿಟ್ಟುಕೊಡುವ ವಸ್ತುಗಳ ಮುಂದೆ ಅಸಹಾಯಕವಾಯಿತು. ಅನೇಕ ಔಷಧಗಳು, ಜೀವಸತ್ವಗಳು, ಮಿದುಳಿನ ರಸವಸ್ತುಗಳು ಈ ಎರಡನೆಯ ಗುಂಪಿನವು.

ಇಂಗಾಲದ ಮುದ್ದೆ

ಅಮೆರಿಕದ ಕ್ಯಾನ್ಸಸ್ ವಿಶ್ವವಿದ್ಯಾಲಯದ ರಾಲ್ಫ್ ಆಡಮ್ಸ್ ಇದಕ್ಕೆ ಪರಿಹಾರವಾಗಿ ಇಂಗಾಲವನ್ನೇ ಪಾದರಸದಂತೆ ಹನಿಸಲು ಹವಣಿಸಿದನು. ಇಂಗಾಲದ ಪುಡಿಯನ್ನು ದ್ರವದಲ್ಲಿ ಕದಡಿದರೂ ಅದು ಬೇಕಾದಂತೆ ಹನಿಯಲಿಲ್ಲ. ಆದರೆ ಪುಡಿಯ ಪ್ರಮಾಣ ಹೆಚ್ಚಿ ಮಿಶ್ರಣ ಗಟ್ಟಿಯಾದಾಗ ದೊರೆತ ಮುದ್ದೆ ಅತ್ಯುತ್ತಮ ವಿದ್ಯುದ್ವಾರವಾಯಿತು. ೧೯೫೮ರಲ್ಲಿ ಆತ ಇದನ್ನು ಪ್ರಕಟಿಸಿದನು. ಗ್ರಾಫೈಟಿನ ಪುಡಿ, ಸ್ವಲ್ಪ ಎಣ್ಣೆ, ತುಂಬಲು ಒಂದು ಕೊಳವೆ, ಸಂಪರ್ಕಕ್ಕೊಂದು ತಂತಿ. ಮೇಲ್ಮೈ ಕೊಳೆಯಾದರೆ ಸ್ವಲ್ಪ ಮುದ್ದೆಯನ್ನು ಹೊರದೂಡಿ ಕಾಗದದ ಮೇಲೆ ಉಜ್ಜಿದರಾಯಿತು, ಹೊಸ ಮುಖ ಸಿದ್ಧ. ದುಬಾರಿ ಪ್ಲಾಟಿನಂ ಬೇಡ, ವಿಷದ ಪಾದರಸ ಬೇಡ. ಮುಂದೆ ನಮ್ಮ ನಾಡಿನ ಸಾಮಾನ್ಯ ಕಾಲೇಜುಗಳೂ ಈ ವಿದ್ಯೆಯಲ್ಲಿ ಕೈಯಾಡಿಸಲು ಸಾಧ್ಯವಾದದ್ದು ಇದೇ ಕಾರಣದಿಂದ.

ಅದೇ ದಶಕದಲ್ಲಿ ಲೇಲೆಂಡ್ ಕ್ಲಾರ್ಕ್ ರಕ್ತದ ಆಮ್ಲಜನಕವನ್ನು ಅಳೆಯುವ ವಿದ್ಯುದ್ವಾರವನ್ನು ರೂಪಿಸಿದನು. ೧೯೬೨ರಲ್ಲಿ ಲಯನ್ಸ್ ಎಂಬ ಸಹೋದ್ಯೋಗಿಯೊಡನೆ, ಆ ವಿದ್ಯುದ್ವಾರದ ಮುಂದೆ ಗ್ಲೂಕೋಸನ್ನು ಮಾತ್ರ ಗುರುತಿಸುವ ಕಿಣ್ವವೊಂದನ್ನು ಕಾವಲಿಗೆ ನಿಲ್ಲಿಸುವ ಉಪಾಯವನ್ನು ಸೂಚಿಸಿದನು. ಇಂದು ಸಕ್ಕರೆ ಕಾಯಿಲೆಯವರು ಬೆರಳನ್ನು ಚುಚ್ಚಿ, ಒಂದು ಹನಿ ರಕ್ತವನ್ನು ಪಟ್ಟಿಯ ಮೇಲಿಟ್ಟು ಕೆಲವೇ ಕ್ಷಣಗಳಲ್ಲಿ ಅಂಕಿಯನ್ನು ಓದುವುದು ಈ ಉಪಾಯದ ಫಲ. ನಮ್ಮ ಊರಿನಲ್ಲಿ ಅಕ್ಷರ ಬಾರದ ಅಜ್ಜಿಯೂ ಆ ಅಂಕಿಯ ಅರ್ಥವನ್ನು ಬಲ್ಲಳು. ವಿದ್ಯುದ್ರಸಾಯನ ಶಾಸ್ತ್ರ ಜನಸಾಮಾನ್ಯರ ಅಂಗೈಗೆ ಇಳಿದ ಅತ್ಯಂತ ದೊಡ್ಡ ನಿದರ್ಶನ ಇದು.

ನ್ಯಾನೋನಳಿಕೆ ಮತ್ತು ಮುಂಬಯಿಯ ಪ್ರಯೋಗ

ಜಪಾನಿನ ಸುಮಿಯೊ ಇಜಿಮಾ ೧೯೯೧ರಲ್ಲಿ, ಇಂಗಾಲದ ಕಡ್ಡಿಗಳ ನಡುವೆ ವಿದ್ಯುತ್ ಚಾಪವನ್ನು ಹೊತ್ತಿಸಿದಾಗ ಋಣ ವಿದ್ಯುದ್ವಾರದ ಮೇಲೆ ಕೂಡುವ ಕರಿಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಅದರಲ್ಲಿ ಒಂದರೊಳಗೊಂದು ಸೇರಿದ ಅತಿಸೂಕ್ಷ್ಮ ನಳಿಕೆಗಳಿರುವುದನ್ನು ವರದಿ ಮಾಡಿದನು. ಇಂತಹ ನಳಿಕೆಗಳ ಚಿತ್ರಗಳು ೧೯೫೨ರಷ್ಟು ಹಿಂದೆಯೇ ಸೋವಿಯತ್ ಪತ್ರಿಕೆಯೊಂದರಲ್ಲಿ ಪ್ರಕಟವಾಗಿದ್ದವು. ಆದರೆ ಲೋಕದ ಗಮನ ಹರಿದದ್ದು ಇಜಿಮಾನ ಲೇಖನದಿಂದ. ಗ್ರಾಫೈಟಿನ ಒಂದು ಹಾಳೆಯನ್ನು ಚಾಪೆಯಂತೆ ಸುರುಳಿ ಸುತ್ತಿದರೆ ಹೇಗಿರುವುದೋ ಹಾಗೆ ಇದರ ರಚನೆ. ಒಂದೇ ಪದರದ ನಳಿಕೆಯ ಅಡ್ಡಳತೆ ಸುಮಾರು ಒಂದು ನ್ಯಾನೋಮೀಟರ್, ಎಂದರೆ ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು.

ಇಲ್ಲಿ ಭಾರತೀಯರು ಹೆಮ್ಮೆಪಡಬೇಕಾದ ಒಂದು ಅಧ್ಯಾಯವಿದೆ. ನಳಿಕೆಗಳನ್ನು ಹೆಚ್ಚು ಪ್ರಮಾಣದಲ್ಲಿ ತಯಾರಿಸುವ ಕ್ರಮವನ್ನು ೧೯೯೨ರಲ್ಲಿ ಪ್ರಕಟಿಸಿದ ಇಬ್ಬರಲ್ಲಿ ಒಬ್ಬರು, ಕೇರಳದಲ್ಲಿ ಹುಟ್ಟಿ ಬನಾರಸ್ಸಿನಲ್ಲಿ ಲೋಹಶಾಸ್ತ್ರವನ್ನು ಓದಿದ ಪುಲಿಕೆಲ್ ಅಜಯನ್. ಆ ನಳಿಕೆಗಳನ್ನು ವಿದ್ಯುದ್ವಾರವಾಗಿ ಬಳಸಿದ ಮೊದಲ ಪ್ರಯೋಗ ನಡೆದದ್ದು ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ. ಬ್ರಿಟ್ಟೊ, ಕೆ. ಎಸ್. ವಿ. ಸಂತಾನಂ ಮತ್ತು ಅಜಯನ್ ೧೯೯೬ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ನಳಿಕೆಗಳನ್ನು ಬ್ರೋಮೋಫಾರ್ಮ್ ದ್ರವದೊಡನೆ ಕಲಸಿ ಗಾಜಿನ ಕೊಳವೆಗೆ ತುಂಬಿ ವಿದ್ಯುದ್ವಾರವಾಗಿಸಿದ ವಿವರವಿದೆ. ಆಡಮ್ಸನ ಮುದ್ದೆಯ ಮೊಮ್ಮಗನೆಂದರೂ ಸಲ್ಲುತ್ತದೆ. ಅವರು ಅಳೆದದ್ದು ಡೋಪಮೈನ್ ಎಂಬ ಮಿದುಳಿನ ರಸವಸ್ತುವನ್ನು. ಕೈಕಾಲು ನಡುಗುವ ಪಾರ್ಕಿನ್‌ಸನ್ ರೋಗದಲ್ಲಿ ಕ್ಷೀಣಿಸುವುದು ಇದೇ. ನಳಿಕೆಯ ಮೇಲೆ ಡೋಪಮೈನಿನ ಎಲೆಕ್ಟ್ರಾನ್ ವಿನಿಮಯ ಬಹಳ ಸರಾಗವಾಗಿ, ಹಿಂದಕ್ಕೂ ಮುಂದಕ್ಕೂ ನಡೆಯಿತು.

ಇದರ ಪ್ರಯೋಜನವೇನೆಂಬುದನ್ನು ವಿವರಿಸಬೇಕು. ಸಾಮಾನ್ಯ ಇಂಗಾಲದ ವಿದ್ಯುದ್ವಾರದ ಮೇಲೆ ಡೋಪಮೈನ್, ಸಿ ಜೀವಸತ್ವ, ಯೂರಿಕ್ ಆಮ್ಲ ಮೂರೂ ಹೆಚ್ಚುಕಡಿಮೆ ಒಂದೇ ಒತ್ತಡದಲ್ಲಿ ಎಲೆಕ್ಟ್ರಾನನ್ನು ಬಿಡುತ್ತವೆ. ಮೂವರು ಒಟ್ಟಿಗೆ ಮಾತನಾಡಿದರೆ ಯಾರ ಮಾತೂ ಕೇಳಿಸದು. ನಳಿಕೆಗಳನ್ನು ಲೇಪಿಸಿದ ವಿದ್ಯುದ್ವಾರದ ಮೇಲೆ ಈ ಮೂರು ಪ್ರತ್ಯೇಕ ಶಿಖರಗಳಾಗಿ ಬೇರ್ಪಡುವುದನ್ನು ತರುವಾಯದ ಸಂಶೋಧಕರು ತೋರಿಸಿದರು. ಅಲ್ಪ ಜಾಗದಲ್ಲಿ ಅಪಾರ ಮೇಲ್ಮೈ ಇರುವುದರಿಂದ ಸಂಕೇತವೂ ಬಲವಾಗುತ್ತದೆ. ಯಾವ ದ್ರವದಲ್ಲೂ ಸುಲಭವಾಗಿ ಹರಡದೆ ಗಂಟುಕಟ್ಟುವ ನಳಿಕೆಗಳನ್ನು ನ್ಯಾಫಿಯಾನ್ ಎಂಬ ಪಾಲಿಮರಿನ ನೆರವಿನಿಂದ ದ್ರಾವಣದಲ್ಲಿ ಹರಡಿಸಬಹುದೆಂದು ೨೦೦೩ರಲ್ಲಿ ಜೋಸೆಫ್ ವಾಂಗ್ ಮತ್ತು ಸಂಗಡಿಗರು ತೋರಿಸಿದ ಮೇಲೆ ಈ ಕ್ಷೇತ್ರಕ್ಕೆ ನೆರೆ ಬಂದಂತಾಯಿತು.

ಕನ್ನಡನಾಡಿನ ಪ್ರಯೋಗಶಾಲೆಗಳು

ದಕ್ಷಿಣ ಭಾರತಕ್ಕೆ ಈ ವಿದ್ಯೆ ಹೊಸದಲ್ಲ. ಕಾರೈಕುಡಿಯ ಅಳಗಪ್ಪ ಚೆಟ್ಟಿಯಾರರು ನೀಡಿದ ೩೦೦ ಎಕರೆ ಭೂಮಿ ಮತ್ತು ೧೫ ಲಕ್ಷ ರೂಪಾಯಿಗಳ ದಾನದಿಂದ, ೧೯೪೮ರಲ್ಲಿ ನೆಹರೂ ಅವರು ಶಂಕುಸ್ಥಾಪನೆ ಮಾಡಿದ ಕೇಂದ್ರೀಯ ವಿದ್ಯುದ್ರಸಾಯನ ಸಂಶೋಧನ ಸಂಸ್ಥೆ ೧೯೫೩ರ ಜನವರಿಯಲ್ಲಿ ಕಾರ್ಯಾರಂಭ ಮಾಡಿತು. ಬೆಂಗಳೂರಿನಲ್ಲಿ ಸಿ. ಎನ್. ಆರ್. ರಾವ್ ಅವರೂ ಅವರ ಶಿಷ್ಯರೂ ಫೆರೋಸೀನಿನಂತಹ ಲೋಹಯುಕ್ತ ಸಂಯುಕ್ತಗಳನ್ನು ಬಿಸಿಯಲ್ಲಿ ವಿಘಟಿಸಿ ನ್ಯಾನೋನಳಿಕೆಗಳನ್ನು ಪಡೆಯುವ ಕ್ರಮವನ್ನು ೧೯೯೭ರಲ್ಲಿ ಪ್ರಕಟಿಸಿದರು. ೨೦೦೩ರಲ್ಲಿ ಅಲ್ಲಿಯವರೇ ಆದ ಶಂಕರ್ ಘೋಷ್, ಅಜಯ್ ಸೂದ್ ಮತ್ತು ಎನ್. ಕುಮಾರ್, ನಳಿಕೆಗಳ ಕಟ್ಟಿನ ಮೇಲೆ ದ್ರವ ಹರಿದಾಗ ವಿದ್ಯುತ್ ಒತ್ತಡ ಹುಟ್ಟುವುದನ್ನು ತೋರಿಸಿದರು.

ರಾಜಧಾನಿಯ ಹೊರಗಿನ ಕೆಲಸವೇ ನನಗೆ ಹೆಚ್ಚು ಸಂತೋಷ ಕೊಡುವಂಥದು. ಶಿವಮೊಗ್ಗ ಜಿಲ್ಲೆಯ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಬಿ. ಇ. ಕುಮಾರಸ್ವಾಮಿಯವರ ತಂಡ ಇಂಗಾಲದ ಮುದ್ದೆಯ ವಿದ್ಯುದ್ವಾರಗಳನ್ನು ನಾನಾ ಬಗೆಯಲ್ಲಿ ಮಾರ್ಪಡಿಸಿ ಡೋಪಮೈನ್ ಮುಂತಾದವನ್ನು ಅಳೆಯುವ ದೀರ್ಘ ಅಧ್ಯಯನವನ್ನು ನಡೆಸಿದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಶರಣಪ್ಪ ನಂದಿಬೇವೂರ ಮತ್ತು ಅವರ ಶಿಷ್ಯರು ಬಹುಪದರ ನ್ಯಾನೋನಳಿಕೆಗಳನ್ನು ಲೇಪಿಸಿದ ವಿದ್ಯುದ್ವಾರಗಳಿಂದ ಔಷಧಗಳ ಪ್ರಮಾಣವನ್ನು ಅಳೆಯುವ ಕ್ರಮಗಳನ್ನು ರೂಪಿಸಿದ್ದಾರೆ. ಮಡಿಕೇರಿಯ ಫೀಲ್ಡ್ ಮಾರ್ಷಲ್ ಕೆ. ಎಂ. ಕಾರ್ಯಪ್ಪ ಕಾಲೇಜಿನಲ್ಲಿ ಜೆ. ಜಿ. ಮಂಜುನಾಥರ ತಂಡ ನ್ಯಾನೋನಳಿಕೆಯ ಮುದ್ದೆಯಿಂದ ವಿದ್ಯುದ್ವಾರಗಳನ್ನು ಮಾಡಿ ಅರಿಸಿನದ ಕುರ್ಕುಮಿನ್, ವೆನಿಲಾದ ಸುವಾಸನೆಯ ವಸ್ತು ಮುಂತಾದವನ್ನು ಅಳೆದಿದೆ. ಬೆಟ್ಟದ ಊರಿನ ಕಾಲೇಜೊಂದರಲ್ಲಿ ಕುಳಿತು ಲೋಕದ ಪತ್ರಿಕೆಗಳು ಒಪ್ಪುವ ಕೆಲಸ ಮಾಡಬಹುದೆಂಬುದಕ್ಕೆ ಬೇರೆ ಪ್ರಮಾಣ ಬೇಕಿಲ್ಲ. ಸಾಹಿತ್ಯಕ್ಕೆ ಹೆಸರಾದ ಧಾರವಾಡ, ರಾಷ್ಟ್ರಕವಿಯ ಹೆಸರು ಹೊತ್ತ ವಿಶ್ವವಿದ್ಯಾಲಯ, ಸೇನಾನಿಯ ಹೆಸರಿನ ಕಾಲೇಜು ಈ ಮೂರೂ ಒಂದೇ ಇಂಗಾಲದ ಕಥೆಯಲ್ಲಿ ಸೇರಿವೆ.

ಸಂಶಯವೂ ಚರಿತ್ರೆಯ ಭಾಗ

ಹೊಸದೊಂದು ಬಂದಾಗ ಹೊಗಳಿಕೆಯ ಭರಾಟೆ ಏಳುವುದುಂಟು. ನಳಿಕೆಗಳು ತಾವಾಗಿಯೇ ಅದ್ಭುತ ವೇಗವರ್ಧಕಗಳೆಂದು ನೂರಾರು ಲೇಖನಗಳು ಸಾರುತ್ತಿದ್ದಾಗ, ಆಕ್ಸ್‌ಫರ್ಡಿನ ರಿಚರ್ಡ್ ಕಾಂಪ್ಟನ್ ಮತ್ತು ಕ್ರೇಗ್ ಬ್ಯಾಂಕ್ಸ್ ಒಂದು ಸರಳವಾದ ಪ್ರಶ್ನೆಯನ್ನು ಕೇಳಿದರು: ಕೆಲಸ ಮಾಡುತ್ತಿರುವುದು ನಿಜಕ್ಕೂ ನಳಿಕೆಯೇ? ಬಹುಪದರ ನಳಿಕೆಗಳ ತುದಿ ಮತ್ತು ದೋಷಗಳಲ್ಲಿ ಗ್ರಾಫೈಟಿನ ಅಂಚಿನಂತಹ ಜಾಗಗಳೇ ಚುರುಕಾಗಿವೆಯೆಂದೂ, ಸಾಮಾನ್ಯ ಗ್ರಾಫೈಟಿನ ಅಂಚೂ ಹಲವು ಸಲ ಅಷ್ಟೇ ಚೆನ್ನಾಗಿ ವರ್ತಿಸುವುದೆಂದೂ ಅವರು ತೋರಿಸಿದರು. ೨೦೦೬ರಲ್ಲಿ ಇನ್ನೂ ಮುಂದೆ ಹೋಗಿ, ಕೆಲವು ಪ್ರಯೋಗಗಳಲ್ಲಿ ಕೀರ್ತಿ ಸಲ್ಲಬೇಕಾದದ್ದು ನಳಿಕೆಗಳ ತಯಾರಿಕೆಯಲ್ಲಿ ಉಳಿದುಹೋದ ಕಬ್ಬಿಣದಂತಹ ಲೋಹದ ಕಶ್ಮಲಕ್ಕೆಂದು ಸಿದ್ಧಪಡಿಸಿದರು. ಇದರಿಂದ ನಳಿಕೆಗಳ ಉಪಯೋಗ ಸುಳ್ಳಾಗಲಿಲ್ಲ. ಯಾವುದಕ್ಕೆ, ಏಕೆ, ಎಷ್ಟರಮಟ್ಟಿಗೆ ಎಂಬ ವಿವೇಕ ಬಂತು. ಶಾಸನವನ್ನು ಓದುವ ವಿದ್ವಾಂಸನು ಅದು ಮೂಲವೋ ಕೂಟವೋ ಎಂದು ಪರಿಶೀಲಿಸುವಂತೆ ವಿಜ್ಞಾನಿಯೂ ತನ್ನ ಸಾಕ್ಷ್ಯವನ್ನು ಪರಿಶೀಲಿಸಬೇಕು. ಈ ಪಾಠವನ್ನು ತರಗತಿಗಳಲ್ಲಿ ನಾವು ಸಾಕಷ್ಟು ಕಲಿಸುತ್ತಿಲ್ಲ.

ಫ್ಲೋರೈಡಿನ ಮುಂದೆ ನಳಿಕೆ

ಈಗ ನಮ್ಮ ಬಾವಿಗೆ ಮರಳೋಣ. ಈ ನಳಿಕೆಯ ವಿದ್ಯುದ್ವಾರವನ್ನು ಕೊಳವೆಬಾವಿಯ ನೀರಿಗೆ ಅದ್ದಿದರೆ ಫ್ಲೋರೈಡ್ ತಿಳಿಯುವುದೇ? ನೇರವಾಗಿ ತಿಳಿಯುವುದಿಲ್ಲ. ಮೂಲವಸ್ತುಗಳಲ್ಲೆಲ್ಲ ಎಲೆಕ್ಟ್ರಾನನ್ನು ಅತ್ಯಂತ ಬಿಗಿಯಾಗಿ ಹಿಡಿದುಕೊಳ್ಳುವುದು ಫ್ಲೋರಿನ್. ಅದರಿಂದ ಎಲೆಕ್ಟ್ರಾನನ್ನು ಕಿತ್ತುಕೊಳ್ಳುವಷ್ಟು ಒತ್ತಡವನ್ನು ಹಾಕುವ ಬಹಳ ಮೊದಲೇ ನೀರೇ ಒಡೆದು ಗುಳ್ಳೆಯಾಗುತ್ತದೆ. ಕೊಡಲೊಲ್ಲದ ಲೋಭಿಯ ಮುಂದೆ ಸಂತೆಯ ಬೆಲೆಯ ಉಪಾಯ ನಡೆಯದು.

ಇದಕ್ಕೆ ಬೇರೆ ಬಗೆಯ ಬಾಗಿಲು ಬೇಕಾಯಿತು. ೧೯೬೬ರಲ್ಲಿ ಅಮೆರಿಕದ ಫ್ರಾಂಟ್ ಮತ್ತು ರಾಸ್, ಸ್ವಲ್ಪ ಯುರೋಪಿಯಂ ಬೆರೆತ ಲ್ಯಾಂಥನಂ ಫ್ಲೋರೈಡಿನ ಒಂದು ಹರಳನ್ನು ಕೊಳವೆಯ ತುದಿಗೆ ಕೂರಿಸಿದರು. ಆ ಹರಳಿನೊಳಗೆ ಚಲಿಸಬಲ್ಲದ್ದು ಫ್ಲೋರೈಡ್ ಅಯಾನು ಮಾತ್ರ. ಒಳಗಿನ ಮತ್ತು ಹೊರಗಿನ ಫ್ಲೋರೈಡಿನ ಅಂತರಕ್ಕೆ ಅನುಗುಣವಾಗಿ ಹರಳಿನ ಮೇಲೆ ಒತ್ತಡ ಹುಟ್ಟುತ್ತದೆ. ೨೫ ಡಿಗ್ರಿ ಉಷ್ಣತೆಯಲ್ಲಿ ಫ್ಲೋರೈಡ್ ಹತ್ತು ಪಟ್ಟು ಬದಲಾದರೆ ಸುಮಾರು ೫೯ ಮಿಲಿವೋಲ್ಟ್ ಬದಲಾವಣೆ. ಎರಡು ಪಟ್ಟು ಬದಲಾದರೆ ಸುಮಾರು ೧೮ ಮಿಲಿವೋಲ್ಟ್. ಒಂದು ಮಿಲಿಗ್ರಾಂ ಇರುವ ಬಾವಿಗೂ ಎರಡು ಮಿಲಿಗ್ರಾಂ ಇರುವ ಬಾವಿಗೂ ನಡುವಣ ಅಂತರ, ಒಂದು ಮಗುವಿನ ಹಲ್ಲಿನ ಹಣೆಬರಹ, ಈ ೧೮ ಮಿಲಿವೋಲ್ಟಿನಲ್ಲಿ ಅಡಗಿದೆ. ಈ ಹರಳಿಗೂ ಒಂದು ಭ್ರಮೆಯುಂಟು: ಗಾತ್ರದಲ್ಲಿಯೂ ಆವೇಶದಲ್ಲಿಯೂ ಫ್ಲೋರೈಡನ್ನು ಹೋಲುವ ಹೈಡ್ರಾಕ್ಸೈಡ್ ಅಯಾನನ್ನು ಕಂಡು ಅದು ಮೋಸಹೋಗುತ್ತದೆ. ಆದ್ದರಿಂದ ಕ್ಷಾರಗುಣದ ನಮ್ಮ ನೀರಿಗೆ ತಕ್ಕ ದ್ರಾವಣವೊಂದನ್ನು ಬೆರೆಸಿ, ಆಮ್ಲತೆಯನ್ನು ಹದಗೊಳಿಸಿ ಆಮೇಲೆ ಅಳೆಯಬೇಕು. ಹಾಗೆಯೇ ಅದ್ದಿ ಓದಿದ ಅಂಕಿ ನಂಬಿಕೆಗೆ ಅರ್ಹವಲ್ಲ.

ಹಾಗಾದರೆ ನಳಿಕೆಗೆ ಇಲ್ಲಿ ಪಾತ್ರವೇ ಇಲ್ಲವೇ? ಉಂಟು, ಬೇರೆ ರೂಪದಲ್ಲಿ. ಅಯಾನುಗಳನ್ನು ಆಯ್ದು ಅಳೆಯುವ ವಿದ್ಯುದ್ವಾರಗಳ ಒಳಗೆ ಸಾಮಾನ್ಯವಾಗಿ ದ್ರಾವಣವನ್ನು ತುಂಬಿರುತ್ತಾರೆ. ಅದು ಒಣಗುವ, ಸೋರುವ ಭಯವಿರುತ್ತದೆ. ೨೦೦೮ರಲ್ಲಿ ಸ್ಪೇನಿನ ತರಗೋನಾದ ಸಂಶೋಧಕರು ಆ ದ್ರಾವಣವನ್ನು ತೆಗೆದುಹಾಕಿ, ಆಯ್ಕೆಯ ಪೊರೆಗೂ ತಂತಿಗೂ ನಡುವೆ ನ್ಯಾನೋನಳಿಕೆಗಳ ಪದರವನ್ನಿಟ್ಟರು. ಪೊರೆಯ ಕಡೆಯಿಂದ ಅಯಾನಿನ ಭಾಷೆ, ತಂತಿಯ ಕಡೆಯಿಂದ ಎಲೆಕ್ಟ್ರಾನಿನ ಭಾಷೆ. ನಡುವೆ ನಿಂತ ನಳಿಕೆ ಎರಡನ್ನೂ ಬಲ್ಲ ದುಭಾಷಿ. ಗಡಿನಾಡಿನವರಾದ ನಮಗೆ ಈ ಕೆಲಸದ ಬೆಲೆಯನ್ನು ಯಾರೂ ವಿವರಿಸಬೇಕಾಗಿಲ್ಲ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಎರಡರ ನಡುವೆ ಅರ್ಥ ಕೆಡದಂತೆ ದಾಟಿಸುವುದೇ ನಮ್ಮ ದಿನನಿತ್ಯದ ಬದುಕು. ದ್ರವವಿಲ್ಲದ, ಮುರಿಯದ, ಕಿಸೆಯಲ್ಲಿಟ್ಟು ಒಯ್ಯಬಹುದಾದ ವಿದ್ಯುದ್ವಾರಗಳಿಗೆ ಇಂತಹ ದುಭಾಷಿಗಳು ದಾರಿ ತೆರೆದಿದ್ದಾರೆ. ನೀರಿನ ಸೀಸ, ಕ್ಯಾಡ್ಮಿಯಂಗಳಂತಹ ವಿಷಲೋಹಗಳ ವಿಷಯದಲ್ಲಿಯಂತೂ ನಳಿಕೆಯ ವಿದ್ಯುದ್ವಾರಗಳು ನೇರವಾಗಿಯೇ ನೆರವಾಗಬಲ್ಲವು.

ಪ್ರಯೋಗಶಾಲೆಯಿಂದ ಬಾವಿಕಟ್ಟೆಗೆ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನವಕಾಂತ ಭಟ್ಟರು ಜೈವಿಕ ಸಂವೇದಕಗಳ ಕೆಲಸಕ್ಕಾಗಿ ೨೦೧೮ರ ಇನ್ಫೋಸಿಸ್ ಪುರಸ್ಕಾರವನ್ನು ಪಡೆದರು. ಅವರೂ ಅವರ ಸಂಗಡಿಗರೂ ಕಟ್ಟಿದ ಪಾಥ್‌ಶೋಧ್ ಸಂಸ್ಥೆ ವಿದ್ಯುದ್ರಸಾಯನ ತತ್ವದಿಂದ ರಕ್ತದ, ಮೂತ್ರದ ಹಲವು ಅಂಶಗಳನ್ನು ಅಳೆಯುವ ಕೈಯಲ್ಲಿ ಹಿಡಿಯುವ ಉಪಕರಣವನ್ನು ತಂದಿದೆ. ಸಂಶೋಧನ ಲೇಖನವೊಂದು ಉಪಕರಣವಾಗಬಲ್ಲದೆಂಬುದಕ್ಕೆ ಇದು ಸಾಕ್ಷಿ. ಆದರೆ ಇಂತಹ ಸಾಕ್ಷಿಗಳು ವಿರಳ. ಡೋಪಮೈನನ್ನು ಅಳೆಯುವ ಲೇಖನಗಳು ಸಾವಿರಾರು. ಹಳ್ಳಿಯ ಶಾಲೆಯ ಕಪಾಟಿನಲ್ಲಿ ನೀರನ್ನು ಅಳೆಯುವ ಒಂದು ವಿದ್ಯುದ್ವಾರ ಕಾಣಸಿಗುವುದು ಅಪರೂಪ. ಸಕ್ಕರೆಯ ಅಂಕಿಯನ್ನು ತಿಳಿಯಲು ಒಬ್ಬೊಬ್ಬ ರೋಗಿಯೂ ಹಣ ಕೊಡುತ್ತಾನೆ; ಆದ್ದರಿಂದ ಆ ಪಟ್ಟಿ ಊರೂರಿನ ಔಷಧದಂಗಡಿಗೆ ಬಂತು. ಬಾವಿಯ ನೀರು ಎಲ್ಲರದು. ಎಲ್ಲರದಾದದ್ದಕ್ಕೆ ಯಾರೂ ಹಣ ಕೊಡುವುದಿಲ್ಲ. ವಿಜ್ಞಾನದ ಕೊರತೆಗಿಂತ ಈ ಲೆಕ್ಕಾಚಾರದ ಕೊರತೆಯೇ ದೊಡ್ಡದು.

ನಮ್ಮ ಸಂಘಗಳು ಮಾಡಬಹುದಾದ ಕೆಲಸವೂ ಇಲ್ಲಿದೆ. ಅನಂತಪುರ, ಬಳ್ಳಾರಿ, ಚಿತ್ರದುರ್ಗಗಳ ಗಡಿಯ ಶಾಲೆಗಳ ಮಕ್ಕಳನ್ನು ಒಂದು ದಿನ ಹತ್ತಿರದ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗಕ್ಕೆ ಕರೆದೊಯ್ಯಬಹುದು. ತಮ್ಮ ತಮ್ಮ ಬಾವಿಯ ನೀರನ್ನು ಸ್ವಚ್ಛವಾದ ಪ್ಲಾಸ್ಟಿಕ್ ಸೀಸೆಗಳಲ್ಲಿ ತುಂಬಿ, ಊರಿನ ಹೆಸರು ಬರೆದು ಒಯ್ಯಲಿ. ಅಲ್ಲಿ ಹರಳಿನ ವಿದ್ಯುದ್ವಾರದಿಂದ ಅಳೆದ ಅಂಕಿಯನ್ನು ತಂದು ಗ್ರಾಮದ ಗೋಡೆಯ ಮೇಲೆ ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಬರೆಯಲಿ. ಶಾಸನವನ್ನು ಕಲ್ಲಿನ ಮೇಲೆ ಕೊರೆಯುತ್ತಿದ್ದ ನಮ್ಮ ಪೂರ್ವಿಕರು ಕೆರೆಯ ತೂಬನ್ನು ಯಾರು ಕಟ್ಟಿಸಿದರು, ಗದ್ದೆಯ ಪಾಲು ಎಷ್ಟೆಂದು ಬರೆದಿಟ್ಟರು. ಈ ಬಾವಿಯ ನೀರಿನಲ್ಲಿ ಏನಿದೆ, ಎಷ್ಟಿದೆ ಎಂದು ಬರೆದಿಡುವುದು ಆ ಸಂಪ್ರದಾಯದ ಮುಂದುವರಿಕೆಯೇ ಆಗುತ್ತದೆ.

ಅದಕ್ಕೆ ಮೊದಲು ಭಾಷೆ ಸಿದ್ಧವಾಗಬೇಕು. ವಿದ್ಯುದ್ವಾರ, ಅಯಾನು, ಉತ್ಕರ್ಷಣ, ಅಪಕರ್ಷಣ, ಸಂವೇದಕ ಎಂಬ ಪದಗಳು ನಮ್ಮ ಪಠ್ಯಪುಸ್ತಕಗಳಲ್ಲಿವೆ, ಬಾಯಿಮಾತಿನಲ್ಲಿ ಇಲ್ಲ. ನ್ಯಾನೋ, ಡೋಪಮ���ನ್, ಫ್ಲೋರೈಡ್‌ಗಳನ್ನು ಇದ್ದಂತೆಯೇ ಸ್ವೀಕರಿಸಿದರೆ ಕನ್ನಡಕ್ಕೆ ಕುಂದಿಲ್ಲ. ಟಾರ್ಚು, ಬಸ್ಸು, ಮೀಟರುಗಳನ್ನು ಅರಗಿಸಿಕೊಂಡ ಭಾಷೆ ಇವನ್ನೂ ಅರಗಿಸಿಕೊಳ್ಳುತ್ತದೆ. ಶಂಕರಘಟ್ಟದ, ಧಾರವಾಡದ, ಮಡಿಕೇರಿಯ ವಿದ್ವಾಂಸರು ತಮ್ಮ ಹತ್ತು ಇಂಗ್ಲಿಷ್ ಲೇಖನಗಳಿಗೆ ಒಂದನ್ನಾದರೂ ಕನ್ನಡದಲ್ಲಿ, ಹತ್ತನೆಯ ತರಗತಿಯ ಹುಡುಗಿಗೆ ತಿಳಿಯುವಂತೆ ಬರೆದರೆ ಅದು ಈ ನಾಡಿಗೆ ಸಲ್ಲಿಸಿದ ದೊಡ್ಡ ಋಣಸಂದಾಯ.

ಪಾದರಸದ ಹನಿ ಇಂಗಾಲದ ಮುದ್ದೆಯಾಯಿತು, ಮುದ್ದೆ ನ್ಯಾನೋನಳಿಕೆಯಾಯಿತು. ಒಂದು ಶತಮಾನದಲ್ಲಿ ಅಳತೆಯ ತುದಿ ಕಣ್ಣಿಗೆ ಕಾಣದಷ್ಟು ಸಣ್ಣದಾಯಿತು. ತುದಿ ಸಣ್ಣದಾದಷ್ಟೂ ಅದು ಮುಟ್ಟಬೇಕಾದ ಜನಸಮುದಾಯ ದೊಡ್ಡದಾಗಬೇಕು. ಹಗರಿಯ ದಂಡೆಯ ಊರಿನಲ್ಲಿ ಕೊಡ ತುಂಬುವ ತಾಯಿ, ತಾನು ತುಂಬುತ್ತಿರುವ ನೀರಿನ ಅಂಕಿಯನ್ನು ತನ್ನ ಭಾಷೆಯಲ್ಲಿ ಓದಿ, ಈ ಬಾವಿ ಕುಡಿಯಲು, ಆ ಬಾವಿ ಬಟ್ಟೆ ಒಗೆಯಲು ಎಂದು ತಾನೇ ನಿರ್ಧರಿಸುವ ದಿನ ಬಂದಾಗ ಈ ಚರಿತ್ರೆಯ ಒಂದು ಅಧ್ಯಾಯ ಪೂರ್ಣವಾಯಿತೆನ್ನಬಹುದು.